ಎಡಗೈ ಶಿಖರ

ಹೊರಗೆ ಕಾರಿನ ಬಾಗಿಲು ಮೆತ್ತಗೆ ಮುಚ್ಚಿಕೊಂಡ ಸದ್ದಿಗೇ ರೋಸ್ವಿತಾಳ ಮೈ ಉರಿಯಿತು. ನಮ್ಮ ಕಡೆಯ ಕಾರಾದರೆ ಬಾಗಿಲನ್ನು ಎರಡು ಸಲ ಜಗ್ಗಿ ಬಡಿಯಬೇಕು, ಇಡೀ ಬೀದಿಗೆ ಕೇಳಿಸುತ್ತದೆ. ಹೀಗೆ ಸದ್ದೇ ಆಗದ ಹಾಗೆ ಮುಚ್ಚಿಕೊಂಡಿತೆಂದರೆ ಅದು ಗಡಿಯಾಚೆಯ ಕಾರು, ಇಳಿದವಳು ಅಕ್ಕ ಹನ್ನೆಲೋರೆ. ರೋಸ್ವಿತಾ ಆಲೂಗಡ್ಡೆ ತುರಿಯುವುದನ್ನು ನಿಲ್ಲಿಸಲಿಲ್ಲ. ಎದುರು ಮನೆಯ ಎರಡೂ ಕಿಟಕಿಗಳ ಪರದೆ ಅಲುಗಿದ್ದು ಅಡುಗೆಮನೆಯಿಂದಲೇ ಕಂಡಿತು.

ಅಪ್ಪ ಆಲ್ಬಿನ್ ಬೆಳಗಿನಿಂದ ಟೈ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಕಣ್ಣಿಗೆ ಪೊರೆ ಬಂದು ಬೀದಿಯೆಲ್ಲ ಮಂಜಾಗಿ ಕಾಣುತ್ತಿದ್ದರೂ ಕಿಟಕಿ ಬಿಟ್ಟು ಕದಲಿರಲಿಲ್ಲ.

"ಬಂದ್ಳು," ಎಂದ. "ಬಾಗಿಲು ತೆಗಿ ರೋಸಿ. ಅದೇನು ಕಂಬದ ಹಾಗೆ ನಿಂತಿದೀಯ?"

"ಬಾಗಿಲು ಹಾಕಿಲ್ಲಪ್ಪ. ತಳ್ಳಿದ್ರೆ ಒಳಗೆ ಬರ್ತಾಳೆ. ಅವಳು ಹುಟ್ಟಿದ ಮನೆ ತಾನೆ ಇದು."

"ನಿನ್ನ ನಾಲಿಗೆ ಒಂದಿನ ನಿನ್ನನ್ನೇ ಕಚ್ಚುತ್ತೆ ನೋಡು."

ಹನ್ನೆಲೋರೆ ಈ ಮನೆ ಬಿಟ್ಟು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ದೇಶವನ್ನು ಎರಡಾಗಿ ಸೀಳಿದ ಗಡಿಗೆ ಮುಳ್ಳುತಂತಿ ಬಿಗಿಯುವ ಮೊದಲೇ ಗುಂಟರನ ಕೈಹಿಡಿದು ಆಚೆಯ ಕೋಬುರ್ಗಿಗೆ ಹೋಗಿಬಿಟ್ಟವಳು. ನಮ್ಮೂರು ಲಾವ್ಷಾದ ಬೆಟ್ಟ ಹತ್ತಿ ನಿಂತರೆ ಆಚೆಯ ಬೆಟ್ಟಗಳು ಕಾಣುತ್ತವೆ, ಅಷ್ಟು ಹತ್ತಿರ. ಆದರೂ ಬಹಳ ವರ್ಷ ಅವಳ ಮುಖ ಯಾರೂ ನೋಡಲಿಲ್ಲ. ಈಗ ಕೆಲವು ವರ್ಷಗಳಿಂದ ಗಡಿಯ ಪಕ್ಕದೂರಿನವರಿಗೆ ಒಂದು ಹಗಲಿನ ಮಟ್ಟಿಗೆ ಬಂದುಹೋಗಲು ಬಿಡುತ್ತಾರೆ. ಬೆಳಿಗ್ಗೆ ಬರುತ್ತಾಳೆ, ಕತ್ತಲಾದ ಮೇಲೆ ಹೊರಡುತ್ತಾಳೆ. ಹೊರಡುವಾಗ ಪ್ರತಿಸಲವೂ ಬಾಗಿಲಲ್ಲಿ ನಿಂತು, "ಬಂದ್ಬಿಡಪ್ಪ ನನ್ನ ಜೊತೆ. ಈ ಚಳೀಲಿ ಇಲ್ಲೇನಿದೆ ಅಂತ ಕೂತಿದೀಯ?" ಎಂದು ಕಣ್ಣೊರೆಸಿಕೊಳ್ಳುತ್ತಾಳೆ.

ಹೋಗುವುದೇನೂ ಅಸಾಧ್ಯವಾಗಿರಲಿಲ್ಲ. ನಮ್ಮ ಸರ್ಕಾರಕ್ಕೆ ದುಡಿಯುವ ಕೈಗಳು ಬೇಕು, ಮುದುಕರು ಬೇಡ. ಪಿಂಚಣಿಯವರು ಆಚೆಗೆ ಹೋಗಿಬರುತ್ತೇವೆಂದರೆ ಸುಮ್ಮನೆ ಅಪ್ಪಣೆ ಕೊಡುತ್ತದೆ. ವಾಪಸು ಬರದಿದ್ದರೆ ಇನ್ನೂ ಸಂತೋಷ, ಪಿಂಚಣಿ ಉಳಿಯಿತು. ಆಲ್ಬಿನ್ ವರ್ಷವರ್ಷವೂ ಅರ್ಜಿ ಹಾಕಿ ಅಪ್ಪಣೆ ತರಿಸಿ ಗಡಿಯಾರದ ಹಿಂದೆ ಸಿಕ್ಕಿಸಿಡುತ್ತಿದ್ದ. ಒಂದು ಸಲವೂ ಹೋದವನಲ್ಲ. ಆದರೆ ಸಾರಿಗೆ ಉಪ್ಪು ಹೆಚ್ಚಾದರೆ, ಒಲೆಗೆ ಕಲ್ಲಿದ್ದಲು ಹಾಕುವುದು ತಡವಾದರೆ, "ಹನ್ನೆಲೋರೆ ಕರೀತಾನೇ ಇದಾಳೆ" ಎಂದು ಗಡಿಯಾರದ ಕಡೆ ನೋಡುತ್ತಿದ್ದ.

ಆ ಒಂದು ಮಾತಿಗೆ ರೋಸ್ವಿತಾ ಕೈಯಲ್ಲಿದ್ದ ಕೆಲಸ ಬಿಟ್ಟು ಸಾರಿಗೆ ನೀರು ಬೆರೆಸಲು, ಒಲೆಗೆ ಕಲ್ಲಿದ್ದಲು ತುಂಬಲು ಓಡುತ್ತಿದ್ದಳು. ಅಪ್ಪ ಹೋದರೆ ಈ ಮನೆಯಲ್ಲಿ ಅವಳಿಗೆ ಯಾರೂ ಇರಲಿಲ್ಲ. ಗಂಡನೊಬ್ಬನಿದ್ದ, ಈ ಮುದುಕನ ಜೊತೆ ನನಗೆ ಏಗಲಾಗದು, ನಾನೋ ಅವನೋ ನೀನೇ ಹೇಳು ಎಂದು ಕೇಳಿದ. ಅವಳು ಅಪ್ಪನನ್ನು ಆರಿಸಿಕೊಂಡಳು. ಗಂಡ ಈಗ ಯೇನಾ ಪಟ್ಟಣದಲ್ಲಿ ಇನ್ನೊಬ್ಬಳ ಜೊತೆ ಸುಖವಾಗಿದ್ದಾನೆ. ಆರಿಸಿಕೊಂಡವಳು ಇಲ್ಲಿ ಉಪ್ಪು ಹೆಚ್ಚಾಯಿತೆಂಬ ಮಾತು ಕೇಳುತ್ತಿದ್ದಾಳೆ.

ಹನ್ನೆಲೋರೆ ಒಳಗೆ ಬಂದಳು. ತುಪ್ಪಳದ ಕೋಟು, ಎರಡು ಕೈಯಲ್ಲೂ ಚೀಲ. ಅವಳ ಹಿಂದೆಯೇ ಆ ಕಡೆಯ ಸೋಪಿನ ವಾಸನೆಯೂ ಬಂತು. ಅಪ್ಪನ ಎರಡೂ ಕೆನ್ನೆಗೆ ಮುತ್ತಿಟ್ಟು, ತಂಗಿಯನ್ನು ತೋಳಿಗೆ ಒತ್ತಿಕೊಂಡು, "ಎಷ್ಟು ಸೊರಗಿದೀಯೇ ರೋಸಿ. ಏನಾದ್ರೂ ತಿಂತೀಯೋ ಇಲ್ವೋ?" ಎಂದಳು.

"ತಿಂತೀನಕ್ಕ. ಇಲ್ಲೂ ಅನ್ನ ತಿನ್ನೋರೇ ಇರೋದು."

"ಬಂದ ಕೂಡಲೇ ಶುರು ಮಾಡಿದ್ಲು ನೋಡಪ್ಪ."

"ಅವಳ ಸ್ವಭಾವವೇ ಅದು, ಬಿಡು," ಎಂದ ಆಲ್ಬಿನ್. ಅವನ ಕೈ ಆಗಲೇ ಚೀಲದ ಕಡೆಗೆ ಹೋಗಿತ್ತು.

ಕಾಫಿಪುಡಿ ಬಂತು, ಕಿತ್ತಳೆ ಬಂತು, ಅಪ್ಪನಿಗೆ ಉಣ್ಣೆಯ ಬನಿಯನ್ನು, ರೋಸ್ವಿತಾಳಿಗೆ ಹೋದ ವರ್ಷ ಕೊಟ್ಟಂಥದೇ ಕಾಲುಚೀಲ. ಎಲ್ಲವೂ ಮೇಜಿನ ಮೇಲೆ ಸಾಲಾಗಿ ಕೂತವು. ರೋಸ್ವಿತಾ ಒಂದೊಂದಕ್ಕೂ "ಉಪಕಾರ ಆಯ್ತಕ್ಕ" ಎಂದು ಹೇಳಿ ಅಡುಗೆಮನೆಗೆ ಹೋದಳು. ತುರಿದ ಆಲೂಗಡ್ಡೆಯನ್ನು ಬಟ್ಟೆಯಲ್ಲಿ ಹಾಕಿ ಹಿಂಡಬೇಕಿತ್ತು. ಇವತ್ತು ಅದನ್ನು ಹಿಂಡಿದ ರಭಸಕ್ಕೆ ನೀರು ಗೋಡೆಗೆಲ್ಲ ಹಾರಿತು.

"ಇನ್ನೊಂದಿದೆಯಪ್ಪ," ಅಕ್ಕನ ದನಿ ಕೇಳಿಸಿತು. "ಇದು ನಿನಗೇಂತಲೇ ತಂದದ್ದು. ಜೋಪಾನ, ಗಾಜು. ರೋಸಿ, ನೀನೂ ಬಾರೆ."

ರೋಸ್ವಿತಾ ಕೈ ಒರೆಸಿಕೊಳ್ಳುತ್ತ ಬಂದಳು. ಹನ್ನೆಲೋರೆ ಬಿಳಿಯ ರಟ್ಟಿನ ಡಬ್ಬಿಯಿಂದ ಹತ್ತಿಯನ್ನು ಪದರಪದರವಾಗಿ ತೆಗೆದು, ಒಳಗಿನಿಂದ ಕ್ರಿಸ್‌ಮಸ್ ಮರದ ನೆತ್ತಿಗೆ ಸಿಕ್ಕಿಸುವ ಗಾಜಿನ ಶಿಖರವೊಂದನ್ನು ಎತ್ತಿ ಹಿಡಿದಳು. ಕೆಳಗೆ ಒಂದು ಗುಂಡು, ಅದರ ಮೇಲೆ ಚಿಕ್ಕದೊಂದು ಗುಂಡು, ಮೇಲೆ ಉದ್ದನೆಯ ಮೊನೆ. ಒಳಗೆಲ್ಲ ಬೆಳ್ಳಿಯ ಲೇಪ. ದೊಡ್ಡ ಗುಂಡಿನ ಸುತ್ತ ಒಳಕ್ಕೆ ಒತ್ತಿದ ಹೂವಿನಂಥ ಕುಳಿಗಳು, ಅವುಗಳಿಗೆ ಕೆಂಪು ಮತ್ತು ಚಿನ್ನದ ಬಣ್ಣ.

ರೋಸ್ವಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಮೊನೆಯ ಮೇಲೆ ಬುಡದಿಂದ ತುದಿಯವರೆಗೆ ಸುತ್ತಿಕೊಂಡು ಹೋದ ತಿರುಚು ಎಡಕ್ಕೆ ಹೋಗಿತ್ತು.

ನಮ್ಮೂರಿನಲ್ಲಿ ಮರದ ಶಿಖರ ಊದುವವರು ಎಷ್ಟೋ ಜನ. ಗಾಜಿನ ಕೊಳವೆಯನ್ನು ಗ್ಯಾಸಿನ ಉರಿಯಲ್ಲಿ ತಿರುಗಿಸುತ್ತ ಊದಿ, ಕೊನೆಗೆ ಮೊನೆ ಎಳೆಯುವಾಗ ಬಲಗೈಯಿಂದ ಒಂದು ತಿರುಚು ಕೊಡುತ್ತಾರೆ. ಎಲ್ಲರ ತಿರುಚೂ ಬಲಕ್ಕೇ. ರೋಸ್ವಿತಾ ಎಡಚಿ. ಅವಳು ಉರಿಯ ಮುಂದೆ ಕೂತ ಹೊಸದರಲ್ಲಿ ಆಲ್ಬಿನ್ ಅವಳ ಎಡಗೈಗೆ ಕೊಳವೆಯಿಂದಲೇ ಹೊಡೆಯುತ್ತಿದ್ದ. ಗಂಡುಮಕ್ಕಳಿಲ್ಲದ ಸಿಟ್ಟೂ ಆ ಏಟಿನಲ್ಲಿತ್ತು. ಹೆಂಗಸರು ಬೆಳ್ಳಿ ಹಾಕಬೇಕು, ಬಣ್ಣ ಬಳಿಯಬೇಕು, ಊದುವುದು ಗಂಡಸರ ಕೆಲಸ ಎಂದು ನಂಬಿದವನು. ಏಟು ತಿಂದೂ ಕೈ ಬದಲಾಗಲಿಲ್ಲ. ಈಗ ಸರ್ಕಾರಿ ಕಾರ್ಖಾನೆಯಲ್ಲಿ ಅವಳ ಶಿಖರಗಳನ್ನು ಎಡಗೈ ರೋಸಿಯವು ಎಂದು ಎಲ್ಲರೂ ದೂರದಿಂದಲೇ ಗುರುತಿಸುತ್ತಾರೆ. ಲೋಪವಿಲ್ಲದವು ಹೆಸರಿಲ್ಲದ ಬಿಳಿ ಡಬ್ಬಿಗಳಲ್ಲಿ ಆಚೆಗೆ ಹೋಗುತ್ತವೆ. ಗುಳ್ಳೆ ಬಂದವು, ಸೊಟ್ಟಗಾದವು ನಮಗೆ.

ಸರ್ಕಾರವೊಂದನ್ನೇ ಏಕೆ ಬೈಯಬೇಕು. ರಾಜರಿದ್ದ ಕಾಲದಲ್ಲೂ ನಮ್ಮೂರಿನ ಪದ್ಧತಿ ಅದೇ: ನೆಟ್ಟಗಿದ್ದದ್ದು ಮಾರಾಟಕ್ಕೆ, ಸೊಟ್ಟದ್ದು ಮನೆಗೆ. ಗಾಜೂದುವವನ ಮನೆಯ ಮರದ ಮೇಲೆ ನೆಟ್ಟನೆಯ ಶಿಖರ ಕಂಡರೆ ಜನ ನಗುತ್ತಿದ್ದರು, ಇವನಿಗೆ ಗಿರಾಕಿ ಸಿಕ್ಕಿಲ್ಲವೆಂದು.

"ನ್ಯೂರೆಂಬರ್ಗಿನ ದೊಡ್ಡ ಅಂಗಡೀಲಿ ಸಿಕ್ತು," ಹನ್ನೆಲೋರೆ ಹೇಳುತ್ತಿದ್ದಳು. "ಗಾಜಿನ ಕಪಾಟಿನೊಳಗೆ ಇಟ್ಟಿದ್ರು. ನೋಡಿದ ಕೂಡಲೇ ನನಗೆ ನಿನ್ನ ನೆನಪಾಯ್ತಪ್ಪ. ಜನ್ಮವೆಲ್ಲ ಊರಿಗೆ ಊದಿದೆ, ನಿನ್ನ ಮನೇಲಿ ಯಾವತ್ತೂ ಸೊಟ್ಟದ್ದೇ. ಒಂದು ವರ್ಷವಾದ್ರೂ ಚೆನ್ನಾಗಿರೋದು ಇರಲಿ ಅಂತ ತಂದೆ."

"ಕೊಡು ಇಲ್ಲಿ," ಎಂದ ಆಲ್ಬಿನ್.

ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಕಣ್ಣಿಗಿಂತ ಕೈಗೇ ಈಗ ಹೆಚ್ಚು ಕಾಣುತ್ತಿತ್ತು ಅವನಿಗೆ. ದೊಡ್ಡ ಗುಂಡನ್ನು ಅಂಗೈಯಲ್ಲಿ ಕೂರಿಸಿಕೊಂಡು ತೂಗಿದ. ಕುಳಿಗಳನ್ನು ಒಂದೊಂದಾಗಿ ಮುಟ್ಟಿದ. ಗುಂಡುಗಳ ನಡುವಿನ ಕತ್ತನ್ನು ಎರಡು ಬೆರಳಿಂದ ಹಿಡಿದ. ಆಮೇಲೆ ಹೆಬ್ಬೆರಳನ್ನು ಮೊನೆಯ ಬುಡಕ್ಕಿಟ್ಟು ತಿರುಚಿನ ಜಾಡು ಹಿಡಿದು ಮೇಲಕ್ಕೆ ಒಯ್ದ. ಹೆಬ್ಬೆರಳು ನಡುವೆ ಒಮ್ಮೆ ನಿಂತಿತು. ಈಗ ಹೇಳುತ್ತಾನೆ, ಈಗ ನನ್ನ ಕಡೆ ತಿರುಗುತ್ತಾನೆ ಎಂದುಕೊಂಡಳು ರೋಸ್ವಿತಾ. ಹೆಬ್ಬೆರಳು ಮತ್ತೆ ಚಲಿಸಿ ತುದಿ ಮುಟ್ಟಿತು.

"ಇದು ಕೆಲಸ ಅಂದ್ರೆ ಕೆಲಸ," ಎಂದ ಆಲ್ಬಿನ್. ಅವನ ದನಿ ಮೃದುವಾಗಿತ್ತು. "ಗೋಡೆ ಎಲ್ಲ ಕಡೆ ಒಂದೇ ಸಮ. ಮೊನೆ ನೋಡು, ಒಂದೇ ಉಸಿರಿಗೆ ಎಳೆದದ್ದು. ಇಂಥ ಕೈ ಈಗ ನಮ್ಮಲ್ಲಿ ಯಾರಿಗಿದೆ? ಅಲ್ಲಿ ಇನ್ನೂ ಉಳಿದಿದೆ ನೋಡು, ಆಚೆ."

"ಹಳೇ ಕಾಲದ ಕಸುಬುದಾರರಂತಪ್ಪ. ಅಂಗಡಿಯವಳು ಹೇಳಿದ್ಲು."

"ಇರಲೇಬೇಕು. ಗೊತ್ತಾಗುತ್ತೆ."

ರೋಸ್ವಿತಾಳಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಇಪ್ಪತ್ತು ವರ್ಷ ಇದೇ ಮನುಷ್ಯನ ಮುಂದೆ ಒಂದೊಂದು ಶಿಖರ ತಂದಿಟ್ಟಿದ್ದಳು. ಹೂಂ ಎಂದದ್ದಿಲ್ಲ. ಗೋಡೆ ತೆಳು, ಗುಂಡು ಓರೆ, ಉಸಿರು ಹೆಚ್ಚಾಯಿತು, ಬಿಡು, ಹೆಂಗಸಿನ ಕೈ. ಹಿತ್ತಲ ಗಿಡ ಮದ್ದಲ್ಲ, ನಿಜ. ಆದರೆ ಅದೇ ಗಿಡವನ್ನು ಪೇಟೆಯ ಚೀಲದಲ್ಲಿ ಕಟ್ಟಿ ತಂದರೆ ಕಣ್ಣಿಗೊತ್ತಿಕೊಳ್ಳುತ್ತಾರಲ್ಲ, ಅದನ್ನು ಹೇಗೆ ಸಹಿಸುವುದು? ತಾನಾಗಿ ಹೇಳುವುದಿಲ್ಲ, ಅವನೇ ಹೇಳಲಿ ಎಂದು ಹಟ ಹಿಡಿದಳು.

"ಮರ ಎಲ್ಲಿದೆ?" ಎಂದಳು ಹನ್ನೆಲೋರೆ. "ಇದನ್ನ ಮರದ ಮೇಲೆ ನೋಡಬೇಕು ನಾನು."

"ಹಿತ್ತಿಲಲ್ಲಿ ಬಕೆಟ್ಟಿನಲ್ಲಿದೆ," ಎಂದಳು ರೋಸ್ವಿತಾ. "ಹಬ್ಬದ ದಿನ ಸಂಜೆಗೆ ಒಳಗೆ ಬರುತ್ತೆ. ಅದಕ್ಕೆ ಮುಂಚೆ ತಂದೋರಿಲ್ಲ ಈ ಮನೇಲಿ."

"ಹಬ್ಬದ ದಿನ ನಾನಿರ್ತೀನೇನೇ? ಇವತ್ತು ಒಂದಿನ ತಂದ್ರೆ ಏನಾಗುತ್ತೆ?"

"ಅಮ್ಮ ಇದ್ದಾಗ ನೀನೇ ಒಂದ್ಸಲ ತರೋಕೆ ಹೋಗಿ ಅಪ್ಪನ ಕೈಲಿ ಏಟು ತಿಂದಿದ್ದೆ."

"ತಗೊಂಡು ಬಾ ರೋಸಿ," ಎಂದ ಆಲ್ಬಿನ್. "ವಾದ ಬೇಡ."

ಅವಳು ಹಿತ್ತಿಲಿಗೆ ಹೋದಳು. ಮರದ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ಬುಡ ಹಿಡಿದು ಒದರಿದಳು, ಮತ್ತೆ ಒದರಿದಳು, ಹಿಮ ಕೊರಳಪಟ್ಟಿಯೊಳಗೆಲ್ಲ ಬಿತ್ತು. ಎಷ್ಟು ಸುಲಭವಾಗಿ ತಗೊಂಡು ಬಾ ಅಂದುಬಿಟ್ಟ. ಜನ್ಮವಿಡೀ ಕಾಪಾಡಿಕೊಂಡು ಬಂದ ಕಟ್ಟಳೆ, ಸೋಪಿನ ವಾಸನೆ ಬಂದ ಕೂಡಲೇ ಕರಗಿಹೋಯಿತು. ಅವಳು ಮರವನ್ನು ಎಳೆದುಕೊಂಡು ಬಂದು ನಡುಮನೆಯಲ್ಲಿ ನಿಲ್ಲಿಸಿದಳು. ಅದರಿಂದ ನೀರು ತೊಟ್ಟಿಕ್ಕಿ ನೆಲವೆಲ್ಲ ಒದ್ದೆಯಾಯಿತು. ಆಲ್ಬಿನ್ ಮಣೆಯ ಮೇಲೆ ಹತ್ತಿ, ಹನ್ನೆಲೋರೆ ಸೊಂಟ ಹಿಡಿದುಕೊಂಡಿರುವಾಗ, ಶಿಖರವನ್ನು ನೆತ್ತಿಗೆ ಸಿಕ್ಕಿಸಿದ. ಬೇರೆ ಯಾವ ಅಲಂಕಾರವೂ ಇಲ್ಲದ ಒದ್ದೆ ಮರದ ಮೇಲೆ ಅದೊಂದೇ ಮಿನುಗುತ್ತಿತ್ತು.

ಊಟಕ್ಕೆ ಕೂತರು. ಮೊಲದ ಮಾಂಸ, ಕೆಂಪು ಕೋಸು, ಆಲೂಗಡ್ಡೆಯ ಉಂಡೆ. ಹನ್ನೆಲೋರೆ ಎರಡನೇ ಉಂಡೆ ಹಾಕಿಕೊಳ್ಳುತ್ತ ಮರದ ಕಡೆಗೇ ನೋಡುತ್ತಿದ್ದಳು.

"ಅದಕ್ಕೊಂದು ಅರ್ಥ ಇದೆಯಂತಪ್ಪ. ಅಂಗಡಿಯವಳು ಹೇಳಿದ್ಲು. ಬೆತ್ಲೆಹೇಮಿನ ನಕ್ಷತ್ರ ಇದೆಯಲ್ಲ, ಅದರ ಕಿರಣವಂತೆ ಅದು. ಜ್ಞಾನಿಗಳಿಗೆ ದಾರಿ ತೋರಿಸಿದ್ದು."

"ಅಂಗಡಿ ಹುಡುಗಿಗೇನು ಗೊತ್ತು," ಎಂದ ಆಲ್ಬಿನ್ ಖುಷಿಯಲ್ಲಿ. ಈ ವಿಷಯ ಬಂದರೆ ಅವನನ್ನು ಹಿಡಿಯುವವರಿಲ್ಲ. "ನಕ್ಷತ್ರ ಇಡೋರು ಇಟ್ಟರು, ದೇವದೂತನ್ನ ಇಡೋರು ಇಟ್ಟರು. ಇದು ಬೇರೆ. ನಮ್ಮಜ್ಜ ಹೇಳ್ತಿದ್ದ, ಫ್ರೆಂಚರ ಮೇಲೆ ಯುದ್ಧ ಗೆದ್ದ ಮೇಲೆ ಎಲ್ಲರಿಗೂ ಸಿಪಾಯಿಗಳ ಶಿರಸ್ತ್ರಾಣದ ಹುಚ್ಚು. ಅದರ ಮೇಲೆ ಮೊನೆ ಇರ್ತಿತ್ತಲ್ಲ, ಅದನ್ನೇ ಗಾಜಿನಲ್ಲಿ ಮಾಡಿ ಅಂತ ಗಿರಾಕಿಗಳು ಬಂದರಂತೆ. ಪಾದ್ರಿ ಒಪ್ಪಲಿಲ್ಲ. ಇಗರ್ಜಿಯ ಗೋಪುರ ಅನ್ನಿ ಅಂದ. ಸರಿ, ಗೋಪುರ ಅಂದರು."

"ನಮ್ಮ ಕಾರ್ಖಾನೆಯ ಪಾರ್ಟಿ ಕಾರ್ಯದರ್ಶಿಗೂ ಇದೇ ಇಷ್ಟ," ಎಂದಳು ರೋಸ್ವಿತಾ. "ದೇವರೂ ಅಲ್ಲ, ದೇವದೂತನೂ ಅಲ್ಲ. ದೇವದೂತ ಮಾಡಿದ್ರೆ ಕಾಗದದಲ್ಲಿ ರೆಕ್ಕೆಯ ಬೊಂಬೆ ಅಂತ ಬರೀಬೇಕು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ."

ಹನ್ನೆಲೋರೆ ನಕ್ಕಳು. "ಪಾಪ, ಏನೇನು ಪಾಡು ಪಡ್ತೀರೋ. ಅದಕ್ಕೇ ಇಲ್ಲಿ ಕೆಲಸ ಕೆಟ್ಟುಹೋಯ್ತು ನೋಡು. ಕೈಯಲ್ಲಿ ಮನಸ್ಸಿಲ್ಲ. ಅದನ್ನ ಮಾಡಿದೋನಿಗೆ ನಕ್ಷತ್ರವೋ ಗೋಪುರವೋ, ಏನೋ ಒಂದು ಭಕ್ತಿ ಇತ್ತು. ಅದು ಕಾಣುತ್ತೆ."

"ಭಕ್ತಿ ಇರಲಿಲ್ಲ," ಎಂದಳು ರೋಸ್ವಿತಾ.

"ನಿನಗೆ ಹೇಗೆ ಗೊತ್ತು?"

"ಬೆನ್ನು ನೋಯ್ತಿತ್ತು. ಎದುರಿನ ಕಿಟಕಿ ಗಾಜು ಒಡೆದು ಗಾಳಿ ಬರ್ತಿತ್ತು, ಉರಿ ಅಲ್ಲಾಡ್ತಿತ್ತು. ಮೊನೆ ಯಾಕೆ ಬಂತು ಗೊತ್ತಾ ಅಕ್ಕ? ನಕ್ಷತ್ರವೂ ಇಲ್ಲ, ಸಿಪಾಯಿಯೂ ಇಲ್ಲ. ಗಾಜು ಕಾಯಿಸಿ ಎಳೆದ್ರೆ ತಾನಾಗೇ ಮೊನೆ ಆಗುತ್ತೆ. ಕತ್ತರಿಸಿ ಬಿಸಾಡೋಕೆ ಮನಸ್ಸು ಬರದೆ ಯಾವನೋ ಹೊಟ್ಟೆಗಿಲ್ಲದೋನು ಹಾಗೇ ಮಾರಿದ. ತಗೊಂಡೋರು ಅರ್ಥ ಹಚ್ಚಿಕೊಂಡರು."

"ಏನೇ ಇದು? ಯಾರ ಬೆನ್ನು? ಯಾವ ಕಿಟಕಿ?"

"ನನ್ನ ಬೆನ್ನು. ಅದು ನಾನು ಮಾಡಿದ್ದು."

ಹನ್ನೆಲೋರೆ ಫೋರ್ಕು ಕೆಳಗಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದಳು, "ನ್ಯೂರೆಂಬರ್ಗಿನಲ್ಲಿ ತಗೊಂಡದ್ದು ಕಣೇ ಅದು."

"ತಗೊಂಡದ್ದು ಅಲ್ಲಿ. ಮಾಡಿದ್ದು ಇಲ್ಲಿ, ಈ ಬೀದಿ ಕೊನೇಲಿ. ತಿರುಚು ನೋಡಕ್ಕ, ಎಡಕ್ಕಿದೆ. ನನ್ನ ಎಡಗೈಗೆ ಅಪ್ಪ ಹೊಡೆಯೋವಾಗ ನೀನು ಪಕ್ಕದಲ್ಲೇ ಕೂತು ಬಣ್ಣ ಬಳೀತಿದ್ದೆ. ಮರೆತುಹೋಯ್ತಾ?"

ಹನ್ನೆಲೋರೆ ಎದ್ದು ಹೋಗಿ ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿದಳು. ಅವಳ ಕಿವಿ ಕೆಂಪಾಯಿತು. ತಿರುಗಿದಾಗ ಮುಖದ ತುಂಬ ನಗು ತಂದುಕೊಂಡಿದ್ದಳು. "ಹಾಗಾದ್ರೆ ಎಷ್ಟು ಒಳ್ಳೇದಾಯ್ತು ನೋಡು. ಊರೆಲ್ಲ ಸುತ್ತಿ ಮನೆಗೇ ಬಂತು. ಗುಂಟರ್‌ಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾನೆ."

"ನಗಲಿ," ಎಂದಳು ರೋಸ್ವಿತಾ. ಅವಳು ಅಕ್ಕನನ್ನು ನೋಡುತ್ತಿರಲಿಲ್ಲ. "ಅಪ್ಪ, ಹೆಬ್ಬೆರಳು ನಡುವೆ ನಿಂತಿತಲ್ಲ, ಆವಾಗಲೇ ನಿನಗೆ ಗೊತ್ತಾಯ್ತು. ಹೌದೋ ಅಲ್ವೋ?"

ಆಲ್ಬಿನ್ ತಟ್ಟೆಯಲ್ಲಿದ್ದ ಸಾರನ್ನು ಉಂಡೆಯ ತುಂಡಿನಿಂದ ಒರೆಸಿ ಬಾಯಿಗಿಟ್ಟ. ನಿಧಾನವಾಗಿ ಅಗಿದ. ನುಂಗಿದ.

"ಕತ್ತು ಸ್ವಲ್ಪ ದಪ್ಪ ಆಯ್ತು," ಎಂದ.

ರೋಸ್ವಿತಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ವಾಸಿಯಿತ್ತು ಎಂದು ಹನ್ನೆಲೋರೆ ಆಮೇಲೆ ಅಂದುಕೊಂಡಿರಬೇಕು. ಅಪ್ಪನ ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಕಂದು ಬಣ್ಣದ ಪೆಟ್ಟಿಗೆಯನ್ನು ಎಳೆದಳು. ಬೀರುವಿನಿಂದ ಅಂಗಿ ತೆಗೆದಳು, ಚೆನ್ನಾಗಿ ಇಸ್ತ್ರಿ ಮಾಡಿ ಅವಳೇ ಇಟ್ಟಿದ್ದ ಅಂಗಿಗಳು. ಒಳಬಟ್ಟೆ, ಕಾಲುಚೀಲ, ಕೆಮ್ಮಿನ ಔಷಧಿ. ಪೆಟ್ಟಿಗೆಯನ್ನು ನಡುಮನೆಗೆ ತಂದು ಒದ್ದೆ ನೆಲದ ಮೇಲೆ ಇಟ್ಟು, ಗಡಿಯಾರದ ಹಿಂದಿನ ಅಪ್ಪಣೆಯ ಕಾಗದವನ್ನು ಅದರ ಮೇಲಿಟ್ಟಳು.

"ಹೊರಡಪ್ಪ. ಕಾರು ಬಾಗಿಲಲ್ಲೇ ಇದೆ. ಅಲ್ಲಿ ಕತ್ತು ತೆಳ್ಳಗೆ ಮಾಡೋರು ಇದಾರೆ."

"ರೋಸಿ, ಹುಚ್ಚಾ ನಿನಗೆ?" ಎಂದಳು ಹನ್ನೆಲೋರೆ.

"ನೀನು ಸುಮ್ನಿರಕ್ಕ. ವರ್ಷವೆಲ್ಲ ಕರೀತೀಯ, ಇವತ್ತು ಕರ್ಕೊಂಡು ಹೋಗು. ದೂರದ ಬೆಟ್ಟ ನುಣ್ಣಗೆ. ಹೋಗಿ ಹತ್ತಿರದಿಂದ ನೋಡ್ಲಿ."

ಇಷ್ಟು ಹೇಳುವಾಗಲೂ ರೋಸ್ವಿತಾಳಿಗೆ ಒಳಗೊಳಗೆ ಗೊತ್ತಿತ್ತು, ಅಪ್ಪ ಬೈಯುತ್ತಾನೆ ಎಂದು. ಬಾಯಿ ಮುಚ್ಚು, ಪೆಟ್ಟಿಗೆ ಒಳಗಿಡು, ಕಾಫಿ ಮಾಡು ಎನ್ನುತ್ತಾನೆ, ಅವಳು ಬಾಗಿಲು ಬಡಿದುಕೊಂಡು ಅಡುಗೆಮನೆಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಈ ಮನೆಯ ಜಗಳಗಳೆಲ್ಲ ಹಾಗೇ ಮುಗಿದದ್ದು. ಆಲ್ಬಿನ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಮೇಜು ಹಿಡಿದು ಎದ್ದ. ಗೂಟಕ್ಕೆ ಹಾಕಿದ್ದ ಕೋಟನ್ನು ತೆಗೆದು ಒಂದು ತೋಳು ತೂರಿಸಿ, ಇನ್ನೊಂದನ್ನು ಹುಡುಕಿ ತೂರಿಸಿ, ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡ. ಟೋಪಿ ಇಟ್ಟುಕೊಂಡ. ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಬಂದು ಕೂತು, "ಸರಿ, ನಡಿ ಹನ್ನೆಲೋರೆ" ಎಂದ.

ಹೋಗುತ್ತಾನೆ. ಇಷ್ಟು ಸುಲಭ. ಗಂಡನನ್ನು ಬಿಟ್ಟು ಉಳಿಸಿಕೊಂಡ ಅಪ್ಪ ಗುಂಡಿ ಹಾಕಿಕೊಳ್ಳುವಷ್ಟು ಹೊತ್ತೂ ಯೋಚಿಸಲಿಲ್ಲ. ರೋಸ್ವಿತಾ ಗೋಡೆಗೆ ಆತುಕೊಂಡು ನಿಂತಳು.

ಹನ್ನೆಲೋರೆ ಅಪ್ಪನ ಮುಂದೆ ಬಂದು ನಿಂತಳು. "ಇವತ್ತೇ ಅಂದ್ರೆ ಹೇಗಪ್ಪ?"

"ಅಪ್ಪಣೆ ಇದೆ."

"ಅಪ್ಪಣೆ ಇದೆಯಪ್ಪ, ಅದಲ್ಲ. ಗುಂಟರ್‌ಗೆ ಹೇಳಿಲ್ಲ ನಾನು. ಹಬ್ಬಕ್ಕೆ ಅವನ ತಾಯಿ ಬರ್ತಾರೆ, ಇರೋದೊಂದು ರೂಮು ಅವರಿಗೆ ಕೊಡಬೇಕು. ಮಹಡಿ ಮೆಟ್ಟಿಲು ಬೇರೆ, ನಿನ್ನ ಮಂಡಿಗೆ..." ಅವಳು ತಂಗಿಯ ಕಡೆ ನೋಡಿದಳು, ಅಲ್ಲಿ ಸಹಾಯ ಸಿಗಲಿಲ್ಲ. "ಬೇಸಿಗೆಗೆ ಬಾಪ್ಪ. ಬೇಸಿಗೆಗೆ ನೋಡೋಣ. ಆವಾಗ ಹಿತ್ತಿಲಲ್ಲಿ ಕೂರಬಹುದು."

"ಹೂಂ," ಎಂದ ಆಲ್ಬಿನ್.

"ಬೇಜಾರು ಮಾಡ್ಕೊಂಡ್ಯಾ?"

"ಇಲ್ಲ, ಇಲ್ಲ."

ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡ ಮುದುಕ. ಅದರ ಅಂಚನ್ನು ಬೆರಳಿನಿಂದ ಸುತ್ತ ಸವರುತ್ತ ಕೂತ. ಅದನ್ನು ನೋಡಿದ ರೋಸ್ವಿತಾಳಿಗೆ ಕೋಪ ಮತ್ತೆ ಉಕ್ಕಿತು. ಆದರೆ ಅದು ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ. ಅವಳು ಅಕ್ಕನ ಹತ್ತಿರ ಹೋಗಿ ನಿಂತಳು.

"ಇಷ್ಟು ವರ್ಷ ಬಾಗಿಲಲ್ಲಿ ನಿಂತು ಅಳ್ತಿದ್ದೆಯಲ್ಲ, ಎಲ್ಲಾ ಬಾಯುಪಚಾರಾನಾ?"

"ಬಾಯುಪಚಾರ ಅಂತ ಯಾಕಂತೀಯೆ? ಬರಲ್ಲ ಅಂತ ಗೊತ್ತಿತ್ತು. ಕರೆಯೋದು ನನ್ನ ಧರ್ಮ, ಕರೆದೆ."

"ಆ ನಿನ್ನ ಧರ್ಮಕ್ಕೆ ನಾನು ಪ್ರತಿ ದಿನ ಉರಿದಿದೀನಿ. ಉಪ್ಪು ಹೆಚ್ಚಾದಾಗಲೆಲ್ಲ ಉರಿದಿದೀನಿ. ಕಾಲುಚೀಲ ತಗೊಂಡು ಹೋಗು. ಹೋದ ವರ್ಷದ್ದೂ ಹಾಗೇ ಇದೆ, ಅದನ್ನೂ ತಗೊಂಡು ಹೋಗು."

"ರೋಸಿ, ಒಡಹುಟ್ಟಿದೋಳು ಕಣೇ ನಾನು."

"ಗೊತ್ತು. ಅದಕ್ಕೇ ಊಟ ಹಾಕಿದೆ."

ಹನ್ನೆಲೋರೆ ಕಾಫಿಗೂ ಕೂರದೆ ಹೊರಟಳು. ಅಪ್ಪನ ಕೆನ್ನೆಗೆ ಮುತ್ತಿಟ್ಟಳು, ಅವನು ಕೆನ್ನೆ ಕೊಟ್ಟ. ಈ ಸಲ ಬಾಗಿಲಲ್ಲಿ ನಿಂತು ಏನೂ ಹೇಳಲಿಲ್ಲ. ಕಾರು ಬೀದಿ ತಿರುಗಿದ ಮೇಲೆ ಎದುರು ಮನೆಯ ಪರದೆಗಳು ಮತ್ತೆ ಇಳಿದವು. ಹೊರಗೆ ಇನ್ನೂ ಮಬ್ಬು ಬೆಳಕಿತ್ತು.

ರೋಸ್ವಿತಾ ತಟ್ಟೆಗಳನ್ನು ಎತ್ತಿದಳು, ತೊಳೆದಳು, ಒರೆಸಿದಳು. ನೆಲಕ್ಕೆ ಬಿದ್ದ ನೀರನ್ನು ಬಟ್ಟೆಯಿಂದ ತೆಗೆದಳು. ಪೆಟ್ಟಿಗೆ ಇದ್ದ ಜಾಗ ಬಿಟ್ಟು ಸುತ್ತಲೂ ಒರೆಸಿದಳು. ಆಲ್ಬಿನ್ ಕೋಟು ತೊಟ್ಟುಕೊಂಡೇ ಕೂತಿದ್ದ. ಒಲೆಯ ಶಾಖಕ್ಕೆ ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಅವಳು ಎಲ್ಲ ಕೆಲಸ ಮುಗಿಸಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು, ಎಡಗೈಯನ್ನು ಬಲಗೈಯಿಂದ ಒತ್ತಿಕೊಳ್ಳುತ್ತ.

"ಕೋಟು ತೆಗಿ. ಸೆಕೆ ಆಗುತ್ತೆ," ಎಂದಳು.

ಅವನು ತೆಗೆದ. ಗೂಟಕ್ಕೆ ಹಾಕಿ ಬಂದು ಪೆಟ್ಟಿಗೆಯನ್ನು ನೋಡಿದ, ಅವಳನ್ನು ನೋಡಿದ. "ಇದನ್ನ ಒಳಗಿಡಲ್ವಾ?"

"ಇಲ್ಲ. ನೀನೇ ಇಟ್ಕೋ."

"ನಾನಾ?"

"ಕೋಟು ನೀನೇ ಹಾಕ್ಕೊಂಡೆಯಲ್ಲ. ಯಾರೂ ಹಾಕಿಸಲಿಲ್ಲ."

ಆಲ್ಬಿನ್ ಬಗ್ಗಿ ಪೆಟ್ಟಿಗೆ ಎತ್ತಿ ಮೇಜಿನ ಮೇಲಿಟ್ಟ. ಮುಚ್ಚಳ ತೆರೆದ. ಅವಸರದಲ್ಲಿ ತುರುಕಿದ್ದರಿಂದ ಅಂಗಿಗಳೆಲ್ಲ ಮುದುಡಿದ್ದವು. ಮೇಲಿನ ಅಂಗಿಯನ್ನು ಎರಡು ಭುಜ ಹಿಡಿದು ಎತ್ತಿದ, ಗಾಳಿಯಲ್ಲಿ ಹಿಡಿದುಕೊಂಡೇ ನಿಂತ. ಅವನ ಅಂಗಿಯನ್ನು ಮೊದಲು ಹೆಂಡತಿ ಮಡಚುತ್ತಿದ್ದಳು, ಆಮೇಲೆ ಮಗಳು.

"ಇದನ್ನ ಹೇಗೆ ಮಡಚೋದು?" ಎಂದ.

"ಮೇಜಿನ ಮೇಲೆ ಬೋರಲು ಹಾಸು. ತೋಳು ಎರಡೂ ಒಳಗೆ. ಆಮೇಲೆ ಕೆಳಗಿಂದ ಮೇಲಕ್ಕೆ."

ಅವನು ಹಾಸಿದ. ಒಂದು ತೋಳನ್ನು ಒಳಕ್ಕೆ ತಂದ, ಇನ್ನೊಂದನ್ನು ತಂದ, ಮೊದಲಿನದು ಜಾರಿತು, ಮತ್ತೆ ತಂದ. ಅಂಗೈಯಿಂದ ಸುಕ್ಕು ಸವರಿ ಕೆಳಗಿನಿಂದ ಮಡಚಿ, ತಿರುಗಿಸಿ, ಅವಳಿಗೆ ಕಾಣುವ ಹಾಗೆ ಎತ್ತಿ ಹಿಡಿದ. ಅವಳು ಮುಂದಕ್ಕೆ ಬಾಗಿ ನೋಡಿದಳು.

"ಕಾಲರ್ ಸೊಟ್ಟಗಿದೆ," ಎಂದಳು. "ಬಿಚ್ಚಿ ಇನ್ನೊಂದ್ಸಲ ಮಡಚು."

ಮುದುಕ ಅಂಗಿಯನ್ನು ಬಿಚ್ಚಿ ಮತ್ತೆ ಮೇಜಿನ ಮೇಲೆ ಬೋರಲು ಹಾಸಿದ.